ಹದಿನೈದು ಲೀಟರಿನ ತೂಕವೆಷ್ಟು?

ನಾವು ಪಾಠ ಹೇಳುವ ಕಾಲೇಜು ಪೀಣ್ಯದ ಕೈಗಾರಿಕಾ ಪ್ರದೇಶಕ್ಕೆ ಬಹು ದೂರದಲ್ಲಿಲ್ಲ. ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರ ತಂದೆತಾಯಿಗಳು ಅಲ್ಲಿನ ಕಾರ್ಖಾನೆಗಳಲ್ಲಿ ದುಡಿಯುವವರು. ಕಳೆದ ವರ್ಷ ಒಂದು ಸಂಜೆ, ಪ್ರಯೋಗದ ತರಗತಿ ಮುಗಿದು ಉಳಿದವರೆಲ್ಲ ಹೊರಟುಹೋದ ಮೇಲೆ, ಮೊದಲನೆಯ ವರ್ಷದ ವಿದ್ಯಾರ್ಥಿಯೊಬ್ಬನು ಮೇಜಿನ ಬಳಿಯೇ ನಿಂತಿದ್ದನು. ಏನೆಂದು ಕೇಳಲು, "ಸಾರ್, ಒಂದು ಲೀಟರು ಎಣ್ಣೆ ಒಂದು ಕಿಲೋ ತೂಗುವುದಿಲ್ಲವೆ?" ಎಂದನು. ತೂಗುವುದಿಲ್ಲ ಎಂದೆವು. "ಹಾಗಾದರೆ ಅದನ್ನು ಒಂದು ಕಾಗದದ ಮೇಲೆ ಬರೆದುಕೊಡುವಿರಾ, ಸಾರ್?" ಎಂದು ಮತ್ತೆ ಕೇಳಿದನು. ಭೌತಶಾಸ್ತ್ರದ ಪ್ರಶ್ನೆಗೆ ಸಹಿ ಮಾಡಿದ ಉತ್ತರ ಬೇಕೆಂದ ವಿದ್ಯಾರ್ಥಿಯನ್ನು ನಾವು ಅದುವರೆಗೆ ಕಂಡಿರಲಿಲ್ಲ.

ವಿಷಯ ಹೀಗಿತ್ತು. ಅವನ ತಂದೆ ಪೀಣ್ಯದ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಹಿರಿಯ ಅಡುಗೆಯವರು. ದಿನಕ್ಕೆ ಸುಮಾರು 500 ಮಂದಿಗೆ ಅಲ್ಲಿ ತಿಂಡಿ ಊಟಗಳಾಗುವುವು. ತಿಂಗಳಿಗೆ 20 ಡಬ್ಬ ಸೂರ್ಯಕಾಂತಿ ಎಣ್ಣೆ ಬರುವುದು. ಎಣ್ಣೆಯ ಕೋಣೆಯ ಬೀಗದ ಕೈ ಇವರ ಬಳಿಯೇ ಇರುವುದು. ಪ್ರತಿದಿನ ಬೇಕಾದಷ್ಟನ್ನು ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿ ತೆಗೆದುಕೊಂಡು ಇವರೇ ಬಳಕೆಯ ಲೆಕ್ಕ ಬರೆಯುವರು. ಗುಮಾಸ್ತರ ದಾಸ್ತಾನು ಪುಸ್ತಕದಲ್ಲಿ ಡಬ್ಬವೊಂದಕ್ಕೆ 15ರಂತೆ 20 ಡಬ್ಬಕ್ಕೆ 300 ಎಂದು ದಾಖಲೆಯಾಗುವುದು. ಆ ಅಂಕಣದ ತಲೆಯಲ್ಲಿ 'ಕಿ.ಗ್ರಾಂ.' ಎಂದು ಅಚ್ಚಾಗಿದೆ. ತಿಂಗಳ ಕೊನೆಗೆ ಡಬ್ಬಗಳೆಲ್ಲ ಬರಿದಾದುವು. ಅಡುಗೆಯವರು ಬರೆದ ಬಳಕೆಯನ್ನು ಕೂಡಿ ನೋಡಿದರೆ 271.4 ಕಿಲೋ ಮಾತ್ರ. ಉಳಿದ 28.6 ಕಿಲೋ ಎಣ್ಣೆ ಎಲ್ಲಿ ಹೋಯಿತು?

ಕಳ್ಳತನವೆಂಬ ಮಾತನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲವಂತೆ. ಆದರೆ ಆ ಎಣ್ಣೆಯ ಬೆಲೆಯನ್ನು, ಎಂದರೆ ನಾಲ್ಕೂವರೆ ಸಾವಿರಕ್ಕೂ ಮೀರಿದ ಹಣವನ್ನು, ಅವರ ಸಂಬಳದಲ್ಲಿ ಹಿಡಿದರು. ಎರಡನೆಯ ತಿಂಗಳೂ ಲೆಕ್ಕ ಹೆಚ್ಚು ಕಡಿಮೆ ಹಾಗೆಯೇ ಬಂದಿತು, ಮತ್ತೆ ಹಿಡಿದರು. ಮೂರನೆಯ ತಿಂಗಳೂ ಹೀಗಾದರೆ ಬೇರೆ ಕೆಲಸ ನೋಡಿಕೊಳ್ಳಬಹುದೆಂದು ಸೂಚಿಸಿದ್ದರು. ಅದೇ ಒಲೆಯ ಮುಂದೆ ಬಹುಕಾಲ ನಿಂತವರು ಮನೆಯಲ್ಲಿ ಊಟ ಬಿಟ್ಟು ಕುಳಿತಿದ್ದರು.

ಹಿಂದೆಂದೂ ಇಲ್ಲದ ಕೊರತೆ ಈಗ ಏಕೆ ಬಂದಿತು ಎಂದು ಹುಡುಗನನ್ನು ಕೇಳಿದೆವು. ಸರಬರಾಜುದಾರರು ಬದಲಾಗಿದ್ದಾರೆ, ಎಣ್ಣೆ ಈಗ ಬೇರೆ ಡಬ್ಬದಲ್ಲಿ ಬರುತ್ತಿದೆ ಎಂದನು. ಹಳೆಯ ಡಬ್ಬದ ಮೇಲೆ '15 ಕಿ.ಗ್ರಾಂ.' ಎಂದಿತ್ತು. ಹೊಸದರ ಮೇಲೆ '15 ಲೀ.' ಎಂದು ದಪ್ಪ ಅಕ್ಷರಗಳಲ್ಲಿಯೂ, ಅದರ ಕೆಳಗೆ '13.65 ಕಿ.ಗ್ರಾಂ.' ಎಂದು ಸಣ್ಣ ಅಕ್ಷರಗಳಲ್ಲಿಯೂ ಇತ್ತು. ಕಾರ್ಖಾನೆಯ ಒಳಗೆ ಉಕ್ಕಿನ ಸರಳನ್ನು ಮಿಲಿಮೀಟರಿನ ನೂರನೆಯ ಒಂದು ಭಾಗದವರೆಗೆ ಅಳೆದು ತಿರಸ್ಕರಿಸುವವರು, ಅದೇ ಆವರಣದ ಕ್ಯಾಂಟೀನಿನಲ್ಲಿ ಲೀಟರನ್ನು ಕಿಲೋ ಎಂದು ಬರೆದುಕೊಂಡಿದ್ದರು.

ಪದಾರ್ಥವು ತುಂಬಿಕೊಳ್ಳುವ ಗಾತ್ರ ಬೇರೆ, ಅದರಲ್ಲಿ ಅಡಗಿರುವ ದ್ರವ್ಯರಾಶಿ ಬೇರೆ. ಅಂಗಡಿಯ ಮಾತಿನಲ್ಲಿ ತೂಕವೆಂದು ಕರೆಯುವುದು ಈ ದ್ರವ್ಯರಾಶಿಯನ್ನೇ. ಇಲ್ಲಿ ನಾವೂ ಅದೇ ಮಾತನ್ನು ಬಳಸುವೆವು. ಒಂದು ಘನ ಸೆಂಟಿಮೀಟರಿನಲ್ಲಿ, ಅಥವಾ ಒಂದು ಮಿಲಿಲೀಟರಿನಲ್ಲಿ ಎಂದರೂ ಒಂದೇ, ಎಷ್ಟು ಗ್ರಾಂ ದ್ರವ್ಯವಿದೆಯೋ ಅದು ಆ ಪದಾರ್ಥದ ಸಾಂದ್ರತೆ. ಪಾದರಸಕ್ಕೆ ಇದು 13.6, ನೀರಿಗೆ 1, ಅಡುಗೆಯ ಎಣ್ಣೆಗಳಿಗೆ 0.91ರ ಆಸುಪಾಸು. ಆದುದರಿಂದ ಒಂದು ಲೀಟರು ಎಣ್ಣೆ ಸುಮಾರು 910 ಗ್ರಾಂ ಮಾತ್ರ ತೂಗುವುದು. ಎಣ್ಣೆ ನೀರಿನ ಮೇಲೆ ತೇಲುವುದನ್ನು ದಿನವೂ ನೋಡುವ ನಮಗೆ ಇದು ಹೊಸ ಸುದ್ದಿಯಲ್ಲ. ಸಾರಿನ ಮೇಲಿನ ಒಗ್ಗರಣೆಯ ಎಣ್ಣೆ ಹೇಳುವುದೂ ಇದನ್ನೇ.

ಹಾಗಿದ್ದರೂ ಲೀಟರೆಂದರೆ ಕಿಲೋ ಎಂಬ ಭಾವನೆ ನಮ್ಮಲ್ಲಿ ಏಕೆ ಬೇರೂರಿದೆ? ಇದಕ್ಕೆ ನೀರೇ ಕಾರಣ. ಫ್ರಾನ್ಸಿನಲ್ಲಿ 1790ರ ದಶಕದಲ್ಲಿ ಮೆಟ್ರಿಕ್ ಪದ್ಧತಿಯನ್ನು ರಚಿಸಿದವರು ತೂಕದ ಮಾನವನ್ನು ನೀರಿನ ಗಾತ್ರದಿಂದಲೇ ಪಡೆದರು. 1901ರಲ್ಲಿ ಲೀಟರಿಗೆ ಕೊಟ್ಟ ಲಕ್ಷಣವೂ ತಲೆಕೆಳಗಾದ ಅದೇ ಮಾತು: ಅತ್ಯಧಿಕ ಸಾಂದ್ರತೆಯಲ್ಲಿರುವ ಒಂದು ಕಿಲೋಗ್ರಾಂ ನೀರು ಹಿಡಿಯುವ ಗಾತ್ರವೇ ಲೀಟರು. 1964ರಲ್ಲಿ ಇದನ್ನು ಕೈಬಿಟ್ಟು, ಲೀಟರೆಂದರೆ 1000 ಘನ ಸೆಂಟಿಮೀಟರು ಎಂದು ನೇರವಾಗಿ ಗೊತ್ತುಮಾಡಿದರು. ಹೀಗೆ ನೀರಿನ ಮಟ್ಟಿಗೆ ಮಾತ್ರ ಲೀಟರೂ ಕಿಲೋವೂ ಜೊತೆಯಲ್ಲಿ ನಡೆಯುವುವು. ಆ ಜೊತೆಯನ್ನು ನಾವು ಎಣ್ಣೆಗೂ ಜೇನುತುಪ್ಪಕ್ಕೂ ಕಟ್ಟಿಬಿಡುತ್ತೇವೆ.

ನಮ್ಮ ನಾಡಿನಲ್ಲಿ ಈ ಗೊಂದಲಕ್ಕೆ ಇನ್ನೊಂದು ಹಳೆಯ ಬೇರೂ ಇದೆ. ಸೇರು ಎಂಬುದು ಅಳತೆಯ ಹೆಸರೂ ಹೌದು, ತೂಕದ ಹೆಸರೂ ಹೌದು. ಅಕ್ಕಿ ರಾಗಿಗಳನ್ನು ತುಂಬಿ ಅಳೆಯುವ ಸೇರು ಒಂದು. ಅದರ ಕಾಲುಭಾಗವೇ ಪಾವು. ಬೆಲ್ಲ, ಹುಣಿಸೆಹಣ್ಣುಗಳನ್ನು ತೂಗುವ ಸೇರು ಮತ್ತೊಂದು. ಆ ತೂಕದ ಸೇರಿನಲ್ಲಿಯೂ 24 ತೊಲದ ಕಚ್ಚಾ ಸೇರು, 80 ತೊಲದ ಪಕ್ಕಾ ಸೇರು ಎಂಬ ಭೇದಗಳಿದ್ದುವು. ಪಕ್ಕಾ ಸೇರು ಇಂದಿನ ಸುಮಾರು 933 ಗ್ರಾಂ. 1956ರ ತೂಕ ಮತ್ತು ಅಳತೆಗಳ ಶಾಸನದ ಮೇರೆಗೆ 1958ರ ಅಕ್ಟೋಬರ್ 1ರಿಂದ ಮೆಟ್ರಿಕ್ ತೂಕಗಳು ಬಳಕೆಗೆ ಬರತೊಡಗಿದುವು. ಲೀಟರು, ಕಿಲೋ ಎಂದು ಎರಡು ಬೇರೆ ಬೇರೆ ಹೆಸರುಗಳೇನೋ ದೊರೆತುವು. ಎರಡು ವಸ್ತುಗಳಿಗೆ ಒಂದೇ ಹೆಸರಿಡುವ ಮನಸ್ಸಿನ ಅಭ್ಯಾಸ ಮಾತ್ರ ಉಳಿದುಕೊಂಡಿತೆಂದು ನಮಗೆ ತೋರುವುದು.

ಲೆಕ್ಕದ ಸೂತ್ರ ಅತಿ ಸುಲಭ. ಮಿಲಿಲೀಟರನ್ನು ಸಾಂದ್ರತೆಯಿಂದ ಗುಣಿಸಿದರೆ ಗ್ರಾಂ ಬರುವುದು. ಗ್ರಾಂ ಅನ್ನು ಸಾಂದ್ರತೆಯಿಂದ ಭಾಗಿಸಿದರೆ ಮಿಲಿಲೀಟರು ಬರುವುದು. 15 ಲೀಟರು ಎಣ್ಣೆಯ ತೂಕ 15 × 0.91, ಎಂದರೆ 13.65 ಕಿಲೋ. 15 ಕಿಲೋ ಎಣ್ಣೆಯ ಗಾತ್ರ 15 ÷ 0.91, ಎಂದರೆ ಸುಮಾರು 16.5 ಲೀಟರು. ಪರೀಕ್ಷೆಯ ಗಾಬರಿಯಲ್ಲಿ ಗುಣಿಸಬೇಕೋ ಭಾಗಿಸಬೇಕೋ ಎಂಬುದನ್ನು ಮರೆಯುವವರು ಬಹಳ ಮಂದಿ. ಅಂಥವರು ಉತ್ತರವನ್ನು ಒಮ್ಮೆ ನೋಡಿಕೊಂಡರೆ ಸಾಕು: ನೀರಿಗಿಂತ ಹಗುರವಾದ ದ್ರವದಲ್ಲಿ ಕಿಲೋಗಳ ಅಂಕಿ ಲೀಟರುಗಳ ಅಂಕಿಗಿಂತ ಚಿಕ್ಕದಾಗಿಯೇ ಇರಬೇಕು. ಜೇನುತುಪ್ಪದಂಥ ಭಾರವಾದ ದ್ರವದಲ್ಲಿ ಇದು ತಿರುಗುಮುರುಗಾಗುವುದು.

ಇಂಥ ತಪ್ಪು ಕ್ಯಾಂಟೀನಿನ ಗುಮಾಸ್ತರಿಗೇ ಮೀಸಲಲ್ಲ. 1983ರ ಜುಲೈ 23ರಂದು ಏರ್ ಕೆನಡಾ ಸಂಸ್ಥೆಯ ಬೋಯಿಂಗ್ 767 ವಿಮಾನವು ಮಾಂಟ್ರಿಯಲ್‌ನಿಂದ ಆಟವಾ ಮಾರ್ಗವಾಗಿ ಎಡ್ಮಂಟನ್‌ಗೆ ಹೊರಡುವುದಿತ್ತು. ಪ್ರಯಾಣಕ್ಕೆ 22,300 ಕಿಲೋ ಇಂಧನ ಬೇಕು. ಇಂಧನದ ಮಾಪಕ ಕೆಟ್ಟಿದ್ದುದರಿಂದ ತೊಟ್ಟಿಯಲ್ಲಿ ಉಳಿದಿರುವುದನ್ನು ಕಡ್ಡಿಯಿಂದ ಅಳೆದರು. 7,682 ಲೀಟರು ಇತ್ತು. ಅದನ್ನು ಕಿಲೋಗೆ ತರಲು 0.803ರಿಂದ ಗುಣಿಸಬೇಕಾಗಿತ್ತು. ಕೆನಡಾ ಆಗತಾನೆ ಪೌಂಡುಗಳಿಂದ ಮೆಟ್ರಿಕ್ ಮಾನಗಳಿಗೆ ಬದಲಾಗುತ್ತಿದ್ದ ಕಾಲ. ಕೈಗೆ ಸಿಕ್ಕಿದ 1.77 ಎಂಬ ಸಂಖ್ಯೆಯಿಂದ ಗುಣಿಸಿದರು. ಅದು ಲೀಟರಿಗೆ ಎಷ್ಟು ಪೌಂಡು ಎಂಬುದನ್ನು ತಿಳಿಸುವ ಸಂಖ್ಯೆ! ತೊಟ್ಟಿಯಲ್ಲಿ ನಿಜವಾಗಿ ಇದ್ದುದು 6,169 ಕಿಲೋ. ಕಾಗದದ ಮೇಲೆ 13,597 ಆಯಿತು. 20,088 ಲೀಟರು ತುಂಬಬೇಕಾದಲ್ಲಿ 4,917 ಲೀಟರು ತುಂಬಿ ಹಾರಿಸಿದರು. 41,000 ಅಡಿ ಎತ್ತರದಲ್ಲಿ ಇಂಧನ ತೀರಿಹೋಗಿ ಎರಡು ಎಂಜಿನ್ನುಗಳೂ ನಿಂತುವು. ಚಾಲಕರು ವಿಮಾನವನ್ನು ಹದ್ದಿನಂತೆ ತೇಲಿಸುತ್ತ ತಂದು ಗಿಮ್ಲಿ ಎಂಬ ಊರಿನ ಹಳೆಯ ವಾಯುಪಡೆ ನಿಲ್ದಾಣದಲ್ಲಿ ಇಳಿಸಿದರು. ಒಳಗಿದ್ದ 69 ಮಂದಿಯೂ ಬದುಕಿದರು. ಗುಣಾಕಾರದಲ್ಲಿ ಯಾರೂ ತಪ್ಪಿರಲಿಲ್ಲ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಸಂಖ್ಯೆಯ ಮುಂದೆ ಯಾವ ಮಾನವಿದೆ ಎಂಬುದನ್ನು ನೋಡಿರಲಿಲ್ಲ, ಅಷ್ಟೆ.

ಮುಂದಿನ ಶನಿವಾರ ನಾವು ಹುಡುಗನೊಡನೆ ಆ ಕ್ಯಾಂಟೀನಿಗೆ ಹೋದೆವು. ಕಾಗದ ಬರೆದುಕೊಡುವುದಕ್ಕಿಂತ ಎಲ್ಲರ ಎದುರಿಗೆ ತೂಗಿ ತೋರಿಸುವುದು ಮೇಲೆಂದು ನಮ್ಮ ಭಾವನೆ. ಗುಮಾಸ್ತರು ಸಜ್ಜನರು, ಮೊದಲು ಸ್ವಲ್ಪ ಬಿಗುವಾಗಿದ್ದರೂ ಕುರ್ಚಿ ಹಾಕಿಸಿ ಕಾಫಿ ತರಿಸಿದರು. ಮೊಹರು ಒಡೆಯದ ಡಬ್ಬವನ್ನು ತಕ್ಕಡಿಯ ಮೇಲಿಟ್ಟಾಗ 14.70 ಕಿಲೋ ಎಂದು ತೋರಿಸಿತು. ಒಳಗೆಲ್ಲ ಒರೆಸಿ ಶುಚಿಮಾಡಿದ ಖಾಲಿ ಡಬ್ಬ 1.04 ಕಿಲೋ ಬಂದಿತು. ಆದುದರಿಂದ ಎಣ್ಣೆ 13.66 ಕಿಲೋ. ಡಬ್ಬದ ಮೇಲಿನ ಸಣ್ಣ ಅಕ್ಷರಗಳು ನಿಜವನ್ನೇ ಹೇಳುತ್ತಿದ್ದುವು.

"ತಕ್ಕಡಿಯೇ ಕಡಿಮೆ ತೋರಿಸುತ್ತಿರಬಹುದಲ್ಲ, ಮೇಷ್ಟ್ರೇ?" ಎಂದು ಗುಮಾಸ್ತರು ಕೇಳಿದರು. ಪ್ರಶ್ನೆ ಚೆನ್ನಾಗಿದೆ. ಎರಡು ತಟ್ಟೆಯ ಹಳೆಯ ತಕ್ಕಡಿ ಒಂದು ರಾಶಿಯನ್ನು ಇನ್ನೊಂದು ರಾಶಿಯೊಡನೆ ಹೋಲಿಸುವುದು. ಅದನ್ನು ಎಲ್ಲಿಗೆ ಒಯ್ದರೂ ಫಲ ಒಂದೇ. ಎಲೆಕ್ಟ್ರಾನಿಕ್ ತಕ್ಕಡಿ ಹಾಗಲ್ಲ. ಅದು ಭೂಮಿಯು ವಸ್ತುವನ್ನು ಸೆಳೆಯುವ ಬಲವನ್ನು ಅಳೆದು, ಅದನ್ನು ಕಿಲೋಗ್ರಾಂ ಎಂದು ತೋರಿಸುವುದು. ಸಮಭಾಜಕಕ್ಕೆ ಹತ್ತಿರದಲ್ಲಿಯೂ ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿಯೂ ಇರುವ ಬೆಂಗಳೂರಿನಲ್ಲಿ ಗುರುತ್ವದ ಸೆಳೆತ ದೆಹಲಿಗಿಂತ ತುಸು ಕಡಿಮೆ. ದೆಹಲಿಯಲ್ಲಿ ಸರಿಪಡಿಸಿದ ತಕ್ಕಡಿಯನ್ನು ಇಲ್ಲಿಗೆ ತಂದು ಹಾಗೆಯೇ ಬಳಸಿದರೆ ಕಿಲೋ ಒಂದಕ್ಕೆ ಸುಮಾರು ಒಂದು ಗ್ರಾಂ ಕಡಿಮೆ ತೋರಿಸುವುದು. ಆದರೆ ಹದಿನೈದು ಕಿಲೋಗೆ ಇದು ಹದಿನೇಳು ಗ್ರಾಂ ಆದೀತೇ ಹೊರತು ಒಂದೂಕಾಲು ಕಿಲೋ ಆಗದು. ಇಷ್ಟಾದರೂ ಸಂಶಯ ಉಳಿಯಬಾರದೆಂದು, ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯಿದ್ದ 5 ಕಿಲೋ ಬಟ್ಟೊಂದನ್ನು ತರಿಸಿ ಇಟ್ಟೆವು. ತಕ್ಕಡಿ 5.00 ಎಂದಿತು.

ಇಪ್ಪತ್ತು ಡಬ್ಬಕ್ಕೆ 13.65ರಂತೆ 273 ಕಿಲೋ. ಹೀಗೆ ಕೊರತೆಯೆನಿಸಿದ 28.6 ಕಿಲೋದಲ್ಲಿ 27 ಕಿಲೋ ಎಂದೂ ಕ್ಯಾಂಟೀನಿನ ಬಾಗಿಲಿಗೆ ಬಂದೇ ಇರಲಿಲ್ಲ. ಉಳಿದ 1.6 ಕಿಲೋ? ಇದಕ್ಕೆ ಅಡುಗೆಯವರು ತಾವೇ ಉತ್ತರ ಕೊಟ್ಟರು. ಡಬ್ಬವನ್ನು ಎಷ್ಟು ಬಗ್ಗಿಸಿ ಬಸಿದರೂ ಒಳಗೋಡೆಗೆ ಎಣ್ಣೆ ಹತ್ತಿಕೊಂಡೇ ಇರುವುದೆಂದರು. ಎಣ್ಣೆಯ ಸ್ನಿಗ್ಧತೆ ನೀರಿನದಕ್ಕಿಂತ ಹತ್ತಾರು ಪಾಲು ಹೆಚ್ಚು. ತೆಳುವಾದ ಪದರವಾಗಿ ಅದು ಬಹು ನಿಧಾನವಾಗಿ ಇಳಿಯುವುದು. ಹಿಂದಿನ ದಿನ ಬಸಿದು ಮೂಲೆಗಿಟ್ಟಿದ್ದ ಡಬ್ಬವನ್ನು ತೂಗಿದಾಗ 1.11 ಕಿಲೋ ಬಂದಿತು. ಶುಚಿಯಾದ ಡಬ್ಬಕ್ಕಿಂತ 70 ಗ್ರಾಂ ಹೆಚ್ಚು. 20 ಡಬ್ಬಗಳಿಗೆ 1.4 ಕಿಲೋ! ಕೊನೆಗೆ ಉಳಿದ 200 ಗ್ರಾಂ, ಹತ್ತು ಗ್ರಾಂಗಿಂತ ಸೂಕ್ಷ್ಮವಾಗಿ ತೂಗಲಾರದ ತಕ್ಕಡಿಯಲ್ಲಿ ಇಪ್ಪತ್ತಾರು ದಿನ ತೂಗಿದ ತೂಕಗಳ ಚಿಲ್ಲರೆ ದೋಷ. ಪ್ರಯೋಗಶಾಲೆಯಲ್ಲಿ ನಮ್ಮ ವಿದ್ಯಾರ್ಥಿಗಳು ಇಷ್ಟು ಹತ್ತಿರದ ಫಲವನ್ನು ತಂದರೆ ನಾವು ಸಂತೋಷಪಡುವೆವು.

ಡಬ್ಬದ ಮೇಲಿನ 0.91 ಎಂಬ ದರವೂ ಕಲ್ಲಿನಲ್ಲಿ ಕೆತ್ತಿದ್ದಲ್ಲ. ದ್ರವವು ಬಿಸಿಯಾದಂತೆ ಹಿಗ್ಗುವುದು. ತೂಕ ಹಾಗೆಯೇ ಇದ್ದು ಗಾತ್ರ ಬೆಳೆಯುವುದರಿಂದ ಸಾಂದ್ರತೆ ಇಳಿಯುವುದು. ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಇದಕ್ಕೆ ಒಂದು ಉದಾಹರಣೆಯನ್ನು ಕೊಟ್ಟಿತು: ಒಂದು ಲೀಟರು ಸೋಯಾ ಎಣ್ಣೆ 21 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 919 ಗ್ರಾಂ ತೂಗಿದರೆ, 60 ಡಿಗ್ರಿಯಲ್ಲಿ 892.6 ಗ್ರಾಂ ಮಾತ್ರ ತೂಗುವುದು. 39 ಡಿಗ್ರಿಗಳಿಗೆ 26.4 ಗ್ರಾಂ ಇಳಿತ; ಡಿಗ್ರಿಗೆ ಸುಮಾರು 0.68 ಗ್ರಾಂ. ಅದೇ ಅಂತರದಲ್ಲಿ ನೀರಿನ ಇಳಿತ ಇದರ ಅರ್ಧದಷ್ಟು. ಈ ದರದಿಂದ ಲೆಕ್ಕ ಹಾಕಿದರೆ ಲೀಟರಿಗೆ 910 ಗ್ರಾಂ ಎಂಬುದು ಸೋಯಾ ಎಣ್ಣೆಗೆ 34 ಡಿಗ್ರಿಯ ಸುಮಾರಿನಲ್ಲಿ ಸರಿಹೋಗುವುದೆಂದು ವಾಚಕರೇ ಕಂಡುಕೊಳ್ಳಬಹುದು. ಬೇಸಗೆಯ ಮಧ್ಯಾಹ್ನಕ್ಕೆ ಇದು ಒಪ್ಪುವ ಮಾತು.

ಇಲಾಖೆಗೆ ಈ ವಿಷಯವೇಕೆ ಬೇಕಾಯಿತು? ಕೆಲವು ತಯಾರಕರು ಪೊಟ್ಟಣದ ಮೇಲೆ '1 ಲೀಟರು' ಎಂದು ಬರೆದು, ಅದು 60 ಡಿಗ್ರಿಯಷ್ಟು ಉಷ್ಣತೆಯಲ್ಲಿನ ಲೀಟರೆಂದು ಜೊತೆಯಲ್ಲಿ ನಮೂದಿಸುತ್ತಿದ್ದರು. ಸುಳ್ಳೆಂದು ಹೇಳುವಂತಿಲ್ಲ. ಆದರೆ ಅಂಗಡಿಯ ಕಪಾಟಿನಲ್ಲಿ ಯಾವ ಎಣ್ಣೆಯೂ 60 ಡಿಗ್ರಿಯಲ್ಲಿ ಇರುವುದಿಲ್ಲ. ಕೊಂಡವನ ಕೈಯಲ್ಲಿ ಅದು ಲೀಟರಿಗೆ ಕಡಿಮೆಯೇ. ಆದುದರಿಂದ ಉಷ್ಣತೆಯ ಉಲ್ಲೇಖವಿಲ್ಲದೆ ಗಾತ್ರವನ್ನೂ, ಅದರೊಡನೆ ತೂಕವನ್ನೂ ಮುದ್ರಿಸಬೇಕೆಂದು, 2023ರ ಜನವರಿ 15ರೊಳಗೆ ಚೀಟಿಗಳನ್ನು ತಿದ್ದಿಕೊಳ್ಳಬೇಕೆಂದು ಇಲಾಖೆ ಸೂಚಿಸಿತು. 15 ಲೀಟರಿನ ಡಬ್ಬಕ್ಕೆ ಈ ಎರಡು ಉಷ್ಣತೆಗಳ ನಡುವಣ ವ್ಯತ್ಯಾಸ 396 ಗ್ರಾಂ. ನಮ್ಮ ಕ್ಯಾಂಟೀನಿನಂಥಲ್ಲಿ ತಿಂಗಳಿಗೆ ಸುಮಾರು 8 ಕಿಲೋ.

ಕಾದ ಎಣ್ಣೆಯನ್ನು ಲೀಟರಿನಿಂದ ಅಳೆಯುವುದಂತೂ ಸರ್ವಥಾ ತಪ್ಪು. ಮೇಲಿನ ದರವೇ ಮುಂದುವರಿಯುವುದೆಂದು ಇಟ್ಟುಕೊಂಡರೆ, ಪೂರಿ ಕರಿಯುವ 180 ಡಿಗ್ರಿಯ ಬಾಣಲೆಯಲ್ಲಿ ಒಂದು ಲೀಟರಿನ ತೂಕ 811 ಗ್ರಾಂನಷ್ಟು ಮಾತ್ರ. ಇದನ್ನು ಕಾಗದದ ಮೇಲೆ ಲೆಕ್ಕ ಮಾಡಿದರೆ ಸಾಕು. ಪ್ರಯೋಗ ಮಾಡಿ ಕೈ ಸುಟ್ಟುಕೊಳ್ಳಬಾರದು.

ಮನೆಯಲ್ಲಿ ನಿರಪಾಯವಾಗಿ ಮಾಡಬಹುದಾದ ಪ್ರಯೋಗ ಬೇರೊಂದಿದೆ. ಅದಕ್ಕೆ ಬೇಕಾದುದು ಒಂದು ಸ್ಟೀಲಿನ ಲೋಟ ಮತ್ತು ಅಡುಗೆಮನೆಯ ತಕ್ಕಡಿ. ಬರಿ ಲೋಟವನ್ನು ತೂಗಿರಿ. ಅಂಚಿನವರೆಗೆ ನೀರು ತುಂಬಿ ತೂಗಿರಿ. ನೀರು ಚೆಲ್ಲಿ, ಚೆನ್ನಾಗಿ ಒರೆಸಿ, ಪರೀಕ್ಷಿಸಬೇಕಾದ ದ್ರವವನ್ನು ಅಷ್ಟೇ ಮಟ್ಟಕ್ಕೆ ತುಂಬಿ ತೂಗಿರಿ. ಎರಡು ಸಲವೂ ಲೋಟದ ತೂಕವನ್ನು ಕಳೆದು, ದ್ರವದ ತೂಕವನ್ನು ನೀರಿನ ತೂಕದಿಂದ ಭಾಗಿಸಿದರೆ ಸಾಪೇಕ್ಷ ಸಾಂದ್ರತೆ ಸಿಕ್ಕಿತು. ಪ್ರಯೋಗಶಾಲೆಯ ಸಾಂದ್ರತೆ ಸೀಸೆಯ ತತ್ತ್ವವೂ ಇದೇ. ನಮ್ಮ ಮನೆಯ ಲೋಟ ಸರಿಯಾಗಿ 200 ಗ್ರಾಂ ನೀರು ಹಿಡಿಯುವುದು. ಅದರಲ್ಲಿ ಕಡಲೆಕಾಯಿ ಎಣ್ಣೆ 183 ಗ್ರಾಂ, ಹಾಲು 206 ಗ್ರಾಂ, ಜೇನುತುಪ್ಪ 284 ಗ್ರಾಂ ಬಂದುವು. ಎಂದರೆ ಕ್ರಮವಾಗಿ 0.915, 1.03, 1.42. ಕಷ್ಟವಿರುವುದು 'ಅಂಚಿನವರೆಗೆ' ಎಂಬ ಮಾತಿನಲ್ಲಿ. ನೀರು ಅಂಚಿಗಿಂತ ಮೇಲೆ ಉಬ್ಬಿ ನಿಲ್ಲಬಲ್ಲದು. ಎಣ್ಣೆ ಅಷ್ಟು ನಿಲ್ಲದು. ಚಪ್ಪಟೆಯಾದ ಗಾಜಿನ ಚೂರೊಂದನ್ನು ಅಂಚಿನ ಮೇಲೆ ಜಾರಿಸಿ ಹೆಚ್ಚಾದುದನ್ನು ತಳ್ಳಿಬಿಟ್ಟರೆ ಈ ತೊಂದರೆ ತಪ್ಪುವುದು.

ಒಂದು ಎಚ್ಚರಿಕೆಯನ್ನು ಕೊಡದೆ ಇರಲಾಗದು. ಈ ಪ್ರಯೋಗದಿಂದ ಹಾಲಿಗೆ ನೀರು ಬೆರೆಸಿದ್ದಾರೆಯೆ ಎಂದು ಕಂಡುಹಿಡಿಯುವೆನೆಂದು ಉತ್ಸಾಹಿ ವಿದ್ಯಾರ್ಥಿಯೊಬ್ಬನಾದರೂ ಹೊರಡುವುದು ನಿಶ್ಚಯ. ಹತ್ತರಲ್ಲಿ ಒಂದು ಪಾಲು ನೀರು ಬೆರೆಸಿದರೆ ಹಾಲಿನ ಸಾಂದ್ರತೆ 1.030ರಿಂದ 1.027ಕ್ಕೆ ಇಳಿಯುವುದು. ನಮ್ಮ ಲೋಟದಲ್ಲಿ ಇದು 0.6 ಗ್ರಾಂ ವ್ಯತ್ಯಾಸ. ತಕ್ಕಡಿಯಾದರೋ ಒಂದು ಗ್ರಾಂಗಿಂತ ಕಡಿಮೆಯದನ್ನು ಕಾಣಲಾರದು. ಅದರ ಮಾತನ್ನು ನಂಬಿ ಹಾಲಿನವನೊಡನೆ ಜಗಳಕ್ಕೆ ಹೋದರೆ ನಾವೂ ಆ ದಾಸ್ತಾನು ಪುಸ್ತಕದಂತೆಯೇ ಆಗುವೆವು. ಹೊಸಕೋಟೆ, ಆನೇಕಲ್ ಕಡೆಯ ಹಳ್ಳಿಗಳ ಡೈರಿಗಳಲ್ಲಿ ಬಳಸುವ ಲ್ಯಾಕ್ಟೋಮೀಟರು ಈ ಕೆಲಸಕ್ಕೆ ತಕ್ಕ ಉಪಕರಣ. ಹಾಲಿನಲ್ಲಿ ತೇಲುವ ಆ ಗಾಜಿನ ಬುರುಡೆ, ದ್ರವ ಹಗುರವಾದಷ್ಟೂ ಆಳಕ್ಕೆ ಇಳಿಯುವುದು. 30 ಎಂಬ ಗೆರೆ ಕಂಡರೆ ಸಾಂದ್ರತೆ 1.030. ಅದಕ್ಕೂ ಕಣ್ಣು ತಪ್ಪಿಸಬಹುದು. ಕೆನೆ ತೆಗೆದರೆ ಹಾಲು ಭಾರವಾಗುವುದು, ನೀರು ಸೇರಿಸಿದರೆ ಹಗುರವಾಗುವುದು. ಎರಡನ್ನೂ ಹದವಾಗಿ ಮಾಡಿದ ಹಾಲು ಮತ್ತೆ 30ರ ಗೆರೆಯಲ್ಲಿಯೇ ನಿಲ್ಲುವುದು. ಕೊಬ್ಬಿನ ಅಂಶವನ್ನು ಬೇರೆಯಾಗಿ ಪರೀಕ್ಷಿಸುವುದು ಇದಕ್ಕಾಗಿಯೇ.

ಪೊಟ್ಟಣದಲ್ಲಿ ಪೂರ್ತಿ ಹಾಲಿದೆಯೆ ಎಂಬುದನ್ನಾದರೋ ಅಡುಗೆಮನೆಯ ತಕ್ಕಡಿಯೇ ಹೇಳಬಲ್ಲದು. ನಂದಿನಿ ಹಾಲಿನ ಅರ್ಧ ಲೀಟರಿನ ಪೊಟ್ಟಣ 2024ರ ಜೂನ್ ತಿಂಗಳಿನಲ್ಲಿ 550 ಮಿಲಿಲೀಟರಿಗೆ ಏರಿ, 2025ರ ಏಪ್ರಿಲ್‌ನಲ್ಲಿ ಮತ್ತೆ 500ಕ್ಕೆ ಬಂದುದು ಬೆಂಗಳೂರಿನವರಿಗೆಲ್ಲ ನೆನಪಿರಬೇಕು. 1.03ರಿಂದ ಗುಣಿಸಿದರೆ ಮೊದಲನೆಯದು 566 ಗ್ರಾಂ, ಎರಡನೆಯದು 515 ಗ್ರಾಂ. ಪ್ಲಾಸ್ಟಿಕ್ಕಿನ ಕೆಲವು ಗ್ರಾಂ ಬೇರೆ. ಪೊಟ್ಟಣವನ್ನು ತಕ್ಕಡಿಯ ಮೇಲಿಟ್ಟು 500 ಕಂಡೊಡನೆ 'ಸರಿಯಾಗಿದೆ' ಎನ್ನುವವನು ಹದಿನೈದು ಗ್ರಾಂ ಹಾಲನ್ನು ಮರೆತನು.

ಅಡುಗೆಮನೆಯಲ್ಲಿ ಗಾತ್ರವನ್ನು ನಂಬಲೇ ಬಾರದ ಪದಾರ್ಥಗಳೂ ಇವೆ. ದೋಸೆಯ ಹಿಟ್ಟು ಅಂಥದು. ರುಬ್ಬಿದಾಗ ನೀರಿಗಿಂತ ಭಾರವಾಗಿದ್ದ ಹಿಟ್ಟು ರಾತ್ರಿಯೆಲ್ಲ ಹುದುಗಿ, ಸೂಕ್ಷ್ಮಜೀವಿಗಳು ಬಿಡುವ ಇಂಗಾಲದ ಡೈಆಕ್ಸೈಡು ತುಂಬಿಕೊಂಡು, ಬೆಳಗಿನ ಹೊತ್ತಿಗೆ ಪಾತ್ರೆಯಿಂದ ಉಕ್ಕುವಂತಾಗುವುದು. ಗಾತ್ರ ಬೆಳೆಯಿತು, ತೂಕ ಇದ್ದಂತೆಯೇ ಇದೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ವಸತಿ ಸಮುಚ್ಚಯಗಳ ಬಳಿಯ ಅಂಗಡಿಗಳಲ್ಲಿ ದಿನವೂ ಮಾರಾಟವಾಗುವ ಹಿಟ್ಟಿನ ಪೊಟ್ಟಣಗಳ ಮೇಲೆ ಲೀಟರೆಂದು ಇರದೆ ಕಿಲೋ ಎಂದೇ ಇರುವುದು. ಲೀಟರಿನಿಂದ ಮಾರುವುದಾದರೆ ವ್ಯಾಪಾರಿ ಗಾಳಿಯನ್ನೂ ಅಳೆದು ಮಾರಿದಂತಾಗುತ್ತಿತ್ತು.

ಸಕ್ಕರೆ ಪಾಕದ ಸಂಗತಿ ಇನ್ನೂ ವಿಚಿತ್ರ. 100 ಮಿಲಿಲೀಟರು ನೀರಿನಲ್ಲಿ 100 ಗ್ರಾಂ ಸಕ್ಕರೆ ಕರಗಿಸಿದರೆ ತೂಕ 200 ಗ್ರಾಂ ಆಗಲೇಬೇಕು, ಆಗುವುದು. ಗಾತ್ರ ಮಾತ್ರ 200 ಮಿಲಿಲೀಟರು ಆಗದೆ ಸುಮಾರು 162ರಲ್ಲಿ ನಿಲ್ಲುವುದು. ತೂಕಗಳನ್ನು ಕೂಡಬಹುದು; ಗಾತ್ರಗಳು ಹಾಗೆ ಕೂಡಿಬರುವುದಿಲ್ಲ. ಹೊರದೇಶದ ಪಾಕಪುಸ್ತಕಗಳನ್ನು ನೋಡಿ ಕೇಕು ಮಾಡುವ ನಮ್ಮ ತರುಣರು 'ಒಂದು ಕಪ್ಪು' ಎಂದು ಕಂಡಲ್ಲೆಲ್ಲ ಇದನ್ನು ನೆನೆಯಬೇಕು. ಅಮೆರಿಕದ ಕಪ್ಪು ಸುಮಾರು 237 ಮಿಲಿಲೀಟರು, ಆಸ್ಟ್ರೇಲಿಯದ್ದು 250. ಅಮೆರಿಕದ ಕಪ್ಪಿನಿಂದ ಅಳೆದ ಎಣ್ಣೆ 217 ಗ್ರಾಂ ತೂಗಿದರೆ ಜೇನುತುಪ್ಪ 336 ಗ್ರಾಂ ತೂಗುವುದು.

ಇನ್ನು ಕ್ಯಾಂಟೀನಿನ ಮಾತು. ನಾವು ಹೊರಡುವ ಮೊದಲು ಗುಮಾಸ್ತರು ಖರೀದಿಯ ಕಾಗದಗಳನ್ನು ತಾವಾಗಿಯೇ ತೆಗೆದು ತೋರಿಸಿದರು. ಹಳೆಯ 15 ಕಿಲೋ ಡಬ್ಬಕ್ಕೆ 2,400 ರೂಪಾಯಿ ಕೊಡುತ್ತಿದ್ದರು. ಹೊಸ 15 ಲೀಟರು ಡಬ್ಬಕ್ಕೆ 2,250. ಡಬ್ಬಕ್ಕೆ 150ರಂತೆ ತಿಂಗಳಿಗೆ 3,000 ರೂಪಾಯಿ ಉಳಿತಾಯವಾಯಿತೆಂದು ಖರೀದಿ ವಿಭಾಗದವರು ಟಿಪ್ಪಣಿ ಬರೆದಿದ್ದರು. ಹುಡುಗನು ಹಾಳೆಯ ಹಿಂಬದಿಯಲ್ಲಿ ತಾನೇ ಲೆಕ್ಕ ಮಾಡಿದನು. ಹಳೆಯ ಎಣ್ಣೆ ಕಿಲೋಗೆ 160 ರೂಪಾಯಿ. ಹೊಸದು 2,250 ÷ 13.65, ಎಂದರೆ ಕಿಲೋಗೆ 164 ರೂಪಾಯಿ 84 ಪೈಸೆ. 273 ಕಿಲೋ ಎಣ್ಣೆಗೆ ಹಳೆಯ ದರದಲ್ಲಿ 43,680 ರೂಪಾಯಿ ಆಗುತ್ತಿತ್ತು. ಅವರು ಕೊಟ್ಟಿದ್ದುದು 45,000. ಉಳಿತಾಯವೆಂದು ಮೆಚ್ಚಿಕೊಂಡದ್ದು ತಿಂಗಳಿಗೆ 1,320 ರೂಪಾಯಿ ನಷ್ಟ. ಬಾರದಿದ್ದ 27 ಕಿಲೋ ಎಣ್ಣೆಯನ್ನು ಒಂದು ಪುಸ್ತಕದಲ್ಲಿ ಉಳಿತಾಯವೆಂದೂ ಇನ್ನೊಂದು ಪುಸ್ತಕದಲ್ಲಿ ಅಡುಗೆಯವರ ಸಾಲವೆಂದೂ ಬರೆದಿದ್ದರು.

ಹಿಡಿದ ಹಣವನ್ನು ಎರಡು ಕಂತುಗಳಲ್ಲಿ ಹಿಂದಿರುಗಿಸಿದರೆಂದು ಹುಡುಗನು ಆಮೇಲೆ ತಿಳಿಸಿದನು. ದಾಸ್ತಾನು ಪುಸ್ತಕದಲ್ಲಿ ಈಗ ಎರಡು ಅಂಕಣಗಳಿವೆಯಂತೆ, ಒಂದು ಲೀಟರಿಗೆ, ಒಂದು ಕಿಲೋಗೆ. ಅವನ ತಂದೆಯವರು ಮಾತ್ರ ಇನ್ನೊಂದು ಏರ್ಪಾಡನ್ನೂ ಮಾಡಿಕೊಂಡಿದ್ದಾರೆ. ಬರಿದಾದ ಡಬ್ಬಗಳನ್ನು ಬಿಸಿಲಿರುವ ಕಟ್ಟೆಯ ಮೇಲೆ, ದೊಡ್ಡ ಪಾತ್ರೆಗೆ ಬಾಯಿಮಾಡಿ, ಒಂದು ಗಂಟೆ ಬೋರಲು ಹಾಕುವರು. ಬಿಸಿಲಿಗೆ ಸ್ನಿಗ್ಧತೆ ಇಳಿದು, ಹತ್ತಿಕೊಂಡ 70 ಗ್ರಾಂನಲ್ಲಿ ಬಹುಪಾಲು ಕೆಳಗೆ ಬರುವುದಂತೆ. ಎಷ್ಟು ಬರುವುದೆಂಬುದನ್ನು ತೂಗಿ ಬರೆದುಕೊಂಡು ಬರಲು ಅವನಿಗೆ ಹೇಳಿದ್ದೇವೆ.